ಭೀಮೆಯ ಮೇಲ್ದಂಡೆಯಲ್ಲಿ ಎರಡು ಸಾವಿರ ಹೆಣ್ಣುಮಕ್ಕಳ ಒಂದು ಮನಿ

ಕಲಬುರಗಿಯಿಂದ ಪುಣೆಗೆ ಹೋಗುವ ರೈಲಿನ ಜನರಲ್ ಬೋಗಿಯಲ್ಲಿ ಒಮ್ಮೆ ಕೂತು ನೋಡಿ. ಬಾಗಿಲ ಹತ್ತಿರ, ಸೀಟಿನ ಕೆಳಗೆ, ಎಲ್ಲೆಲ್ಲೂ ನಮ್ಮ ಕಡೆಯವರೇ. ಆಳಂದದವರು, ಅಫಜಲಪುರದವರು, ಜೇವರ್ಗಿಯವರು. ಬಟ್ಟೆಯಲ್ಲಿ ಕಟ್ಟಿದ ಖಟಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಕೊಡ, ಒಂದು ಹಾಸಿಗೆ ಸುರುಳಿ.

"ಎಲ್ಲಿಗಿ ಹೊಂಟೀರಿ ಅಕ್ಕಾ?"

"ಪುಣಾಕ್ರಿ, ಕೆಲಸಕ್ಕ."

"ಹುಡುಗುರು?"

"ಆಯಿ ಹತ್ರ ಬಿಟ್ಟೀವ್ರಿ."

ಇಷ್ಟು ಹೇಳಿ ಆ ಹೆಣ್ಣುಮಗಳು ಕಿಟಕಿ ಕಡೆ ಮುಖ ಮಾಡುತ್ತಾಳೆ. ಮುಂದೆ ಏನೂ ಕೇಳಬಾರದು ಅಂತ ನಮಗೂ ಗೊತ್ತಾಗುತ್ತದೆ.

ಸೋಲಾಪುರ ದಾಟಿ, ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಬೋರ್ಡು ಓದುವಷ್ಟರಲ್ಲಿ ಹಿಂದೆ ಹೋಗಿಬಿಡುತ್ತದೆ. ಆ ಊರಲ್ಲಿ ಒಂದು ಕಾಲಕ್ಕೆ ಎರಡು ಸಾವಿರದಷ್ಟು ಅನಾಥ ಹುಡುಗಿಯರು, ಬಾಲವಿಧವೆಯರು, ಬರಗಾಲದಲ್ಲಿ ಬೀದಿಗೆ ಬಿದ್ದ ಹೆಂಗಸರು ಒಂದೇ ಆವರಣದಲ್ಲಿ ಬದುಕುತ್ತಿದ್ದರು ಎಂದರೆ ನಂಬುವುದು ಕಷ್ಟ. ಅದು ಪಂಡಿತಾ ರಮಾಬಾಯಿಯ ಮುಕ್ತಿ ಮಿಷನ್. ಅದನ್ನು ಕಟ್ಟಿದಾಕೆ ನಮ್ಮ ಕರ್ನಾಟಕದ ನೆಲದಲ್ಲೇ ಹುಟ್ಟಿದವಳು. ಆಕೆಯ ಮಗಳು ನಮ್ಮ ಕಲಬುರಗಿಗೆ ಬಂದು ಶಾಲೆಯ ಪ್ರಾಂಶುಪಾಲೆಯಾಗಿದ್ದವಳು. ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೊಂದು ನಂಟೂ ಇದೆ, ಅದು ನೀರಿನದು. ಆಳಂದ ತಾಲ್ಲೂಕಿನ ಅಮರ್ಜಾ ಹರಿದು ಬಂದು ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಫಜಲಪುರ ದಾಟಿದ ಭೀಮೆ ಜೇವರ್ಗಿಗೆ ಹೋಗುತ್ತದೆ. ಅದೇ ಭೀಮೆ ಮೇಲೆ ದೌಂಡ್ ಸೀಮೆಯಲ್ಲೂ ಹರಿಯುತ್ತದೆ. ಅಲ್ಲಿ ಮಳೆ ಹೋದರೆ ಇಲ್ಲಿ ಹೊಳೆ ಬತ್ತುತ್ತದೆ, ಉಜನಿ ಡ್ಯಾಮು ತುಂಬಿ ನೀರು ಬಿಟ್ಟರೆ ಇಲ್ಲಿ ಹೊಲ ಮುಳುಗುತ್ತದೆ. ಬರ ಎಂದರೇನು ಎಂದು ಈ ದಂಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ಪಂಡಿತರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯ ವಿದ್ವಾಂಸರ ಸಭೆಗೆ ಉತ್ತರ ಕೊಡಬೇಕಾಯಿತು. ಅಷ್ಟಾದರೂ ಬಿಡಲಿಲ್ಲ. ಆ ತಾಯಿ ಮಗಳಿಗೆ ಕಲಿಸಿದಳು. ಮುಂದೆ ಮನೆ ಮಠ ಬಿಟ್ಟು ಇಡೀ ಸಂಸಾರ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತಾ ಕಾಲ್ನಡಿಗೆಯಲ್ಲಿ ಅಲೆಯಿತು. ಹಾಗೆ ಅಲೆಯುತ್ತಲೇ ಹುಡುಗಿಗೆ ಮರಾಠಿಯ ಜೊತೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಬಂದವು.

1874ರ ಹೊತ್ತಿಗೆ ಬರ ಬಿತ್ತು. ತಂದೆ ಹೋದರು. ಕೆಲವೇ ತಿಂಗಳಲ್ಲಿ ತಾಯಿಯೂ ಹಾಸಿಗೆ ಹಿಡಿದಳು. ಸಾಯುವ ಮುಂಚೆ ತಾಯಿಗಾಗಿ ಒಂದು ತುಂಡು ಸಜ್ಜಿ ರೊಟ್ಟಿ ಕೇಳಲು ಪಕ್ಕದ ಮನೆಗೆ ಹೋಗಿ, ಬಾಯಿ ಬಿಟ್ಟು ಕೇಳಲಾಗದೆ ನಿಂತದ್ದನ್ನು ರಮಾಬಾಯಿ ಮುಂದೆ ಬರೆದುಕೊಂಡಿದ್ದಾಳೆ. ಆ ಮನೆಯವಳು ರೊಟ್ಟಿ ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲು ಇಬ್ಬರು ಮಾತ್ರ ಮುಂದೆ ಬಂದರು. ಅಣ್ಣ ಮೂರನೆಯವನು, ಈಕೆ ನಾಲ್ಕನೆಯವಳು. ಎತ್ತರ ಸಾಲದೆ ಚಟ್ಟದ ಮೂಲೆಯನ್ನು ಹೆಗಲ ಬದಲು ತಲೆಯ ಮೇಲೆ ಹೊತ್ತು ನಡೆದಳು. ಆಗ ಆಕೆಗೆ ಹದಿನಾರು.

ಮುಂದಿನ ಕಥೆ ಬಹಳ ಜನರಿಗೆ ಗೊತ್ತು, ಬೇಗ ಹೇಳಿಬಿಡುತ್ತೇನೆ. ಕಲ್ಕತ್ತೆಯ ವಿದ್ವಾಂಸರು ಆಕೆಯ ಸಂಸ್ಕೃತ ಕೇಳಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಬಂಗಾಳದ ವಕೀಲನೊಬ್ಬನೊಂದಿಗೆ ಜಾತಿ ಮೀರಿದ ಮದುವೆ. ಮಗಳು ಮನೋರಮೆ ಹುಟ್ಟಿ ವರ್ಷ ತುಂಬುವುದರೊಳಗೆ ಗಂಡ ಕಾಲರಾದಿಂದ ತೀರಿಕೊಂಡ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ಕ್ರೈಸ್ತ ಧರ್ಮ ಸ್ವೀಕರಿಸಿದಳು. ಅಮೆರಿಕ ಸುತ್ತಿ ಬಂದು 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದಳು, ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಕಲಿಯಲು ಸೇರಿದ ಮೊದಲ ವಿಧವೆ, ಗೋದುಬಾಯಿ ಎಂಬ ಬಾಲವಿಧವೆ, ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು.

ಕೇಡಗಾಂವದ ಜಮೀನು ಕೊಂಡದ್ದು ಅನಾಥಾಶ್ರಮ ಕಟ್ಟಲಿಕ್ಕೆ ಅಲ್ಲ, ಹಣ್ಣಿನ ತೋಟಕ್ಕೆ. ಅಮೆರಿಕದವರು ಹತ್ತು ವರ್ಷ ಮಾತ್ರ ಹಣ ಕೊಡುವುದಾಗಿ ಹೇಳಿದ್ದರು. ಅದು ನಿಂತ ಮೇಲೆ ತೋಟದ ಆದಾಯದಲ್ಲಿ ಸದನ ನಡೆಸಬೇಕು ಎಂಬ ಲೆಕ್ಕ. ಒಳ್ಳೆ ಸಂಸಾರಸ್ಥೆಯ ಲೆಕ್ಕ ಅದು. ಆದರೆ ಗಿಡ ಫಲ ಕೊಡುವ ಮುಂಚೆಯೇ 1896ರ ಬರ ಬಂತು.

ಮಧ್ಯಪ್ರಾಂತದಲ್ಲಿ ಜನ ಸಾಯುತ್ತಿದ್ದಾರೆಂದು ಕೇಳಿ ರಮಾಬಾಯಿ ತಾನೇ ಹೋದಳು. ಪರಿಹಾರ ಶಿಬಿರಗಳಲ್ಲಿ ಎಲುಬಿನ ಗೂಡಿನಂಥ ಹುಡುಗಿಯರನ್ನು ಕಂಡಳು. ಹಿಡಿ ಕಾಳಿನ ಆಸೆ ತೋರಿಸಿ ಹುಡುಗಿಯರನ್ನು ಎತ್ತಿಕೊಂಡು ಹೋಗಲು ಕಾದು ಕೂತ ದಲ್ಲಾಳಿಗಳನ್ನೂ ಕಂಡಳು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಪುಣೆಯಲ್ಲಿ ಇಡೋಣವೆಂದರೆ ಅದು ಪ್ಲೇಗಿನ ಕಾಲ, ಸರ್ಕಾರದ ಕಟ್ಟುಪಾಡು. ಹಾಗಾಗಿ ಕೇಡಗಾಂವದ ಬಯಲಿನಲ್ಲಿ ಡೇರೆ, ಗುಡಿಸಲು ಹಾಕಿ ಇಳಿಸಿದಳು. ಮುಕ್ತಿ ಹುಟ್ಟಿದ್ದು ಹೀಗೆ. 1900ರ ಸುಮಾರಿಗೆ ಗುಜರಾತಿನ ಬರದ ಮಕ್ಕಳೂ ಬಂದು ಸೇರಿದ ಮೇಲೆ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು.

ಈಗ ನೀವೊಂದು ಲೆಕ್ಕ ಹಾಕಿ. ನಮ್ಮ ಮನೆಗಳಲ್ಲಿ ಕಿಲೋ ಹಿಟ್ಟಿಗೆ ಹತ್ತು ರೊಟ್ಟಿ ಎನ್ನೋಣ. ಹೊತ್ತಿಗೆ ತಲೆಗೊಂದೇ ರೊಟ್ಟಿ ಕೊಟ್ಟರೂ ಎರಡು ಸಾವಿರ ರೊಟ್ಟಿ, ಎರಡು ಕ್ವಿಂಟಲ್ ಹಿಟ್ಟು. ದಿನಕ್ಕೆ ಎರಡು ಹೊತ್ತಾದರೆ ನಾಲ್ಕು ಕ್ವಿಂಟಲ್. ಬೀಸುವ ಕಲ್ಲಿನ ಕಾಲ. ಹತ್ತು ಮಂದಿ ಬಂಧುಗಳು ಬಂದರೆ ತವೆಯ ಮುಂದೆ ಬೆವರುವ ನಮಗೆ ಇದು ಅರ್ಥವಾಗುತ್ತದೆ. ಜೊತೆಗೆ ಬಂದವರು ಗಟ್ಟಿಮುಟ್ಟಾದ ಮಕ್ಕಳಲ್ಲ. ತಲೆಯಲ್ಲಿ ಹೇನು, ಮೈಮೇಲೆ ಹುಣ್ಣು, ಭೇದಿ, ಕಣ್ಣುಬೇನೆ. ಹಸಿದು ಸತ್ತ ಹೊಟ್ಟೆಗೆ ಒಮ್ಮೆಲೇ ಊಟ ಹಾಕುವಂತಿಲ್ಲ. ಬಂದ ಮೇಲೂ ಉಳಿಯದೆ ಹೋದ ಮಕ್ಕಳಿದ್ದರು.

ನಡೆಸಿದ್ದು ಹೇಗೆ? ಗುಟ್ಟು ಒಂದೇ: ಬಂದವರೇ ನಡೆಸಿದರು. ದೊಡ್ಡ ಹುಡುಗಿಯರ ಕೈಗೆ ಸಣ್ಣವರನ್ನು ಒಪ್ಪಿಸಲಾಗುತ್ತಿತ್ತು. ತಲೆ ಬಾಚುವುದು, ಮೈ ತೊಳೆಯುವುದು, ರಾತ್ರಿ ಹೆದರಿ ಎದ್ದರೆ ಹತ್ತಿರ ಮಲಗಿಸಿಕೊಳ್ಳುವುದು ಅವರ ಕೆಲಸ. ಹಿಂದಿನ ವರ್ಷ ತಾನೇ ಸಾವಿನ ಬಾಯಿಂದ ಬಂದವಳು ಈ ವರ್ಷ ಇನ್ನೊಬ್ಬಳಿಗೆ ಅಕ್ಕ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಅಕ್ಷರ, ಆಮೇಲೆ ಕೈಕೆಲಸ. ಅಡುಗೆ, ಬಟ್ಟೆ ಒಗೆಯುವುದು, ಹೊಲ, ದನ, ಹೈನು, ಎಣ್ಣೆ ಗಾಣ, ಮಗ್ಗ, ಹೊಲಿಗೆ, ರೋಗಿಗಳ ಆರೈಕೆ ಎಲ್ಲವನ್ನೂ ಹೆಣ್ಣುಮಕ್ಕಳೇ ಮಾಡಿದರು. ಒಣ ನೆಲದಲ್ಲಿ ಬಾವಿ ತೋಡಿಸಿ ನೀರು ಮಾಡಿಕೊಂಡರು.

ಆವರಣದೊಳಗೆ ಒಂದೊಂದು ಕಷ್ಟಕ್ಕೆ ಒಂದೊಂದು ಮನೆ. ಮೋಸಹೋದ, ಸಮಾಜ ಹೊರಹಾಕಿದ ಹೆಂಗಸರಿಗೆ ಕೃಪಾ ಸದನ. ಮುದುಕಿಯರು, ಅಶಕ್ತರಿಗೆ ಪ್ರೀತಿ ಸದನ. ಹುಡುಗರಿಗೆ ಸದಾನಂದ ಸದನ. ಕುರುಡರಿಗೆ ಬಾರ್ತಿಮಿ ಸದನ. ಬೈಬಲ್ಲಿನಲ್ಲಿ ಬರುವ ಕುರುಡ ಬಾರ್ತಿಮಾಯನ ಹೆಸರು ಅದು. ಅಲ್ಲಿ ಬ್ರೈಲ್ ಕಲಿಸಿದವಳು ಮಗಳು ಮನೋರಮೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಚ್ಚುಕೂಟ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಹಳ್ಳಿ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತಂದಳು. ಮೊಳೆ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ. ಕೆಲವೇ ವರ್ಷದ ಹಿಂದೆ ಹೆಬ್ಬೆಟ್ಟೂ ಒತ್ತಲು ಬಾರದ ಕೈಗಳು ಅಕ್ಷರ ಹುಡುಕಿ ಜೋಡಿಸುತ್ತಿದ್ದವು. ಆ ಪುಸ್ತಕ 1924ರಲ್ಲಿ ಪೂರ್ತಿಯಾಗಿ ಹೊರಬಂತು. ನೋಡಲು ರಮಾಬಾಯಿ ಇರಲಿಲ್ಲ.

ಎಲ್ಲವೂ ಚೆಂದವೇ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಶಾರದಾ ಸದನದಲ್ಲಿ ಧರ್ಮದ ವಿಷಯಕ್ಕೆ ಕೈ ಹಾಕುವುದಿಲ್ಲ ಎಂದು ಮೊದಲು ಮಾತು ಕೊಟ್ಟಿದ್ದರು. 1893ರಲ್ಲಿ, ಹುಡುಗಿಯರು ಆಕೆಯ ಪ್ರಾರ್ಥನೆಗೆ ಹೋಗುತ್ತಿದ್ದಾರೆ ಎಂಬ ಗದ್ದಲ ಎದ್ದಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮುಕ್ತಿಯಾದರೋ ಮೊದಲಿನಿಂದಲೂ ಬಹಿರಂಗವಾಗಿ ಕ್ರೈಸ್ತ ಮನೆ. ಹಸಿದ ಮಗುವಿಗೆ ಅನ್ನ ಕೊಟ್ಟ ಕೈಯೇ ದೇವರನ್ನೂ ಕೊಟ್ಟರೆ ಮಗುವಿಗೆ ಬೇಡ ಎನ್ನಲು ಎಲ್ಲಿ ಸಾಧ್ಯ? ಈ ಪ್ರಶ್ನೆ ಅಂದೂ ನ್ಯಾಯವಾದದ್ದು, ಇಂದೂ ನ್ಯಾಯವಾದದ್ದು. ನಾನು ಅದನ್ನು ತಳ್ಳಿಹಾಕುವವಳಲ್ಲ. ಆದರೆ ದಲ್ಲಾಳಿಗಳು ಕಾದು ಕೂತಿದ್ದ ಶಿಬಿರದ ಬಾಗಿಲಿಗೆ ಪ್ರಶ್ನೆ ಕೇಳಿದವರಲ್ಲಿ ಎಷ್ಟು ಜನ ಹೋಗಿದ್ದರು ಎಂದೂ ಕೇಳಬೇಕಾಗುತ್ತದಲ್ರೀ.

ಇಂದು ಹಾಗೆ ಯಾರೂ ಮಕ್ಕಳನ್ನು ಎತ್ತಿಕೊಂಡು ಹೋಗಿ ಸಾಕುವಂತಿಲ್ಲ, ಎಷ್ಟೇ ಒಳ್ಳೆಯವರಾಗಿರಲಿ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಪಾಲನಾ ಸಂಸ್ಥೆ ಯಾವ ಧರ್ಮದವರದಾದರೂ ನೋಂದಣಿ ಆಗಲೇಬೇಕು. ದಿಕ್ಕಿಲ್ಲದ ಮಗು ಸಿಕ್ಕರೆ ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 'ಮಕ್ಕಳಿಲ್ಲದವರು ಕೇಳ್ಯಾರ, ಕೊಟ್ಟುಬಿಡೂನು' ಎಂದು ಊರಿನ ಹಿರಿಯರು ಕೈಯಿಂದ ಕೈಗೆ ಕೊಡುವುದು ಅಪರಾಧಕ್ಕೆ ದಾರಿ. 1098ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ.

ಇನ್ನೊಂದು ಮಾತು ಆಯಿಂದಿರಿಗೆ ತಿಳಿದಿರಲಿ. ಅಪ್ಪ ಅವ್ವ ಇಲ್ಲದ ಮಗುವನ್ನು ಸಾಕುತ್ತಿರುವ ಬಡ ಬಂಧುಗಳಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ಮಗುವನ್ನು ಹಾಸ್ಟೆಲಿಗೋ ಆಶ್ರಮಕ್ಕೋ ಬಿಡುವ ಮುಂಚೆ ಇದನ್ನೊಮ್ಮೆ ವಿಚಾರಿಸಿ. ಎಷ್ಟೋ ಮಕ್ಕಳು ಊರು ಬಿಡುವುದು ಯಾರೂ ಇಲ್ಲ ಅಂತಲ್ಲ, ಇದ್ದವರ ಕೈಯಲ್ಲಿ ಕಾಸಿಲ್ಲ ಅಂತ.

ಕಲಬುರಗಿಯ ಮಾತು ಬಾಕಿ ಇತ್ತು. ಮನೋರಮೆ ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿಯ ಜೊತೆ ಹಡಗು ಹತ್ತಿದವಳು. ಇಂಗ್ಲೆಂಡು, ಅಮೆರಿಕಗಳಲ್ಲಿ ಓದಿ ಬಂದು ತಾಯಿಯ ಬಲಗೈಯಾದಳು. 1912ರಲ್ಲಿ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ ತಾಯಿ ಮಗಳು ಸೇರಿ ಒಂದು ಕ್ರೈಸ್ತ ಹೈಸ್ಕೂಲು ತೆರೆದರು. ಮನೋರಮೆಯೇ ಪ್ರಾಂಶುಪಾಲೆ. ನಮ್ಮ ಸೀಮೆಯಲ್ಲಿ ಆಗ ಹುಡುಗಿ ಶಾಲೆಗೆ ಹೋಗುತ್ತಾಳೆ ಎಂದರೆ ಓಣಿಯೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದ ಕಾಲ.

ತಾಯಿಯ ನಂತರ ಮುಕ್ತಿಯನ್ನು ಮನೋರಮೆ ನೋಡಿಕೊಳ್ಳುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಮಗಳೇ ಮೊದಲು ಹೋದಳು, 1921ರ ಜುಲೈಯಲ್ಲಿ, ನಲವತ್ತನೇ ವಯಸ್ಸಿಗೆ. ಒಂಬತ್ತು ತಿಂಗಳು ಕಳೆಯುವುದರೊಳಗೆ, 1922ರ ಏಪ್ರಿಲ್ 5ರಂದು ತಾಯಿ. ಅವರಿಬ್ಬರೂ ಇಲ್ಲದೆಯೂ ಮುಕ್ತಿ ಮುಂದುವರಿಯಿತು, ಇಂದಿಗೂ ಕೇಡಗಾಂವದಲ್ಲಿದೆ.

ನಮ್ಮ ಓದುಗರಲ್ಲಿ ಯಾರ ಮುತ್ತಜ್ಜಿಯಾದರೂ ಗುಲ್ಬರ್ಗದ ಆ ಶಾಲೆಯಲ್ಲಿ ಕಲಿತಿದ್ದರೆ, ಮನೆಯಲ್ಲಿ ಹಳೆ ಫೋಟೋ, ಸರ್ಟಿಫಿಕೇಟು, ಕಡೆಗೆ ಆಯಿ ಹೇಳಿದ ಒಂದು ಮಾತಾದರೂ ಉಳಿದಿದ್ದರೆ ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಮನೋರಮೆ ಪಾಠ ಹೇಳುವಾಗ ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳಾ ಅನ್ನುವುದು ತಿಳಿಯಬೇಕೆಂಬ ಆಸೆ ನನಗೆ.