ಸ್ಪ್ಯಾನಿಷ್ ಆಜ್ಞಾರೂಪಗಳಲ್ಲಿ ಸ್ವರವ್ಯತ್ಯಾಸ ಮತ್ತು ಗೌರವಸೂಚನೆ

ಕನ್ನಡದಲ್ಲಿ 'ಮಾಡು', 'ಬರೆ' ಎಂಬ ಧಾತುಗಳೇ ಆಜ್ಞಾರ್ಥದ ಏಕವಚನಗಳು. ಬಹುವಚನ ಪ್ರತ್ಯಯ ಸೇರಿದರೆ 'ಮಾಡಿರಿ', 'ಬರೆಯಿರಿ' ಎಂಬ ಗೌರವರೂಪಗಳು ದೊರೆಯುತ್ತವೆ. ಧಾತು ಯಾವುದೇ ಇರಲಿ, ಗೌರವವನ್ನು ಸೂಚಿಸುವ ಪ್ರತ್ಯಯ ಒಂದೇ. ಸ್ಪ್ಯಾನಿಷ್ ಭಾಷೆಯ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು.

ಅಲ್ಲಿನ ನಿಯತ ಕ್ರಿಯಾಪದಗಳು ಮೂಲರೂಪದ ಅಂತ್ಯಕ್ಕನುಸಾರವಾಗಿ 'ಆರ್', 'ಎರ್', 'ಇರ್' ಎಂಬ ಮೂರು ಗಣಗಳಾಗಿವೆ. ಆತ್ಮೀಯ ಸಂಬೋಧನೆಯಾದ 'ತೂ' (ನೀನು) ಜೊತೆಗಿನ ಆಜ್ಞಾರೂಪವು ವರ್ತಮಾನಕಾಲದ ಅನ್ಯಪುರುಷ ಏಕವಚನವನ್ನೇ ಹೋಲುತ್ತದೆ: 'ಆಬ್ಲಾ' (ಮಾತಾಡು), 'ಕೋಮೆ' (ತಿನ್ನು), 'ಎಸ್ಕ್ರೀಬೆ' (ಬರೆ). ಗೌರವದ 'ಉಸ್ತೆದ್' ಸಂಬೋಧನೆಗೆ ಇಚ್ಛೆ, ಸಂದೇಹಗಳನ್ನು ಸೂಚಿಸುವ ಸಬ್ಜಂಕ್ಟಿವ್ ರೂಪ ಬಳಕೆಯಾಗುತ್ತದೆ. ಆಗ ಅಂತ್ಯಸ್ವರ ಅದಲುಬದಲಾಗುತ್ತದೆ: 'ಆಬ್ಲೆ', 'ಕೋಮಾ', 'ಎಸ್ಕ್ರೀಬಾ'. ಇವಕ್ಕೆ ನಕಾರ ಸೇರಿದರೆ 'ಉಸ್ತೆದೆಸ್' ಬಹುವಚನ: 'ಆಬ್ಲೆನ್', 'ಕೋಮಾನ್', 'ಎಸ್ಕ್ರೀಬಾನ್'. ಸ್ಪೇನಿನಲ್ಲಿ ಬಳಕೆಯಲ್ಲಿರುವ ಆತ್ಮೀಯ ಬಹುವಚನ 'ವೊಸೋತ್ರೋಸ್'ಗೆ ಮೂಲರೂಪದ ಕೊನೆಯ ರಕಾರದ ಸ್ಥಾನದಲ್ಲಿ ದಕಾರ ಬರುತ್ತದೆ: 'ಆಬ್ಲಾದ್', 'ಕೊಮೆದ್', 'ಎಸ್ಕ್ರಿಬಿದ್'.

ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. 'ಆಬ್ಲೆ'ಯಲ್ಲಿ ಗೌರವವನ್ನು ಸೂಚಿಸುವ ಎಕಾರವೇ 'ಕೋಮೆ'ಯಲ್ಲಿ ಸಲಿಗೆಯನ್ನು ಸೂಚಿಸುತ್ತದೆ. ಎಕಾರವನ್ನೇ ಗೌರವಪ್ರತ್ಯಯವೆಂದು ಭಾವಿಸಿದ ಕನ್ನಡದ ಕಲಿಕಾರ್ಥಿ ಹಿರಿಯರಿಗೆ 'ತಿನ್ನಿರಿ' ಎನ್ನಲು ಹೋಗಿ 'ತಿನ್ನು' ಎಂದುಬಿಡುವ ಸಾಧ್ಯತೆಯುಂಟು. ಉದ್ದೇಶದಲ್ಲಿಲ್ಲದ ಅಗೌರವವು ವ್ಯಾಕರಣದಿಂದ ಉಂಟಾಗುತ್ತದೆ. ಗೌರವವು ಸ್ವರದಲ್ಲಿಲ್ಲ, ಗಣದ ಸ್ವರಕ್ಕೆ ಎದುರಾದ ಸ್ವರದಲ್ಲಿದೆ. ಆದ್ದರಿಂದ 'ತೂ' ಮತ್ತು 'ಉಸ್ತೆದ್' ರೂಪಗಳನ್ನು ಪ್ರತ್ಯೇಕ ಪಟ್ಟಿಗಳಾಗಿ ಕಲಿಸುವುದಕ್ಕಿಂತ, ಪ್ರತಿಯೊಂದು ಕ್ರಿಯಾಪದವನ್ನೂ ಅದರ ಗಣದೊಡನೆ ಜೋಡಿರೂಪದಲ್ಲಿ ಕಲಿಸುವುದು ಸೂಕ್ತ.