ತಿಳಿದ ಕಥೆಯೂ ಅದ್ಭುತ ದೃಶ್ಯವೂ: ಪ್ರೇಕ್ಷಕರ ಪ್ರತಿಕ್ರಿಯೆಯ ವಿವೇಚನೆ

ವಿಜ್ಞಾನಕಥೆಯನ್ನು ವಸ್ತುವಾಗಿ ಉಳ್ಳ ದೊಡ್ಡ ಚಲಚ್ಚಿತ್ರವೊಂದು ತೆರೆಕಂಡಾಗ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ನೋಡಲು ಅದ್ಭುತವಾಗಿದೆ ಎಂಬುದು ಒಂದು. ಕಥೆ ಮೊದಲೇ ಗೊತ್ತಾಗಿಬಿಡುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಹೊಗಳಿಕೆಯೆಂದೂ ಎರಡನೆಯದನ್ನು ತೆಗಳಿಕೆಯೆಂದೂ ಎಣಿಸಿ ವಿಷಯವನ್ನು ಅಲ್ಲಿಗೇ ಮುಗಿಸುವುದು ವಾಡಿಕೆ. ಆದರೆ ಕಥೆ ಮುಂದಾಗಿಯೇ ತಿಳಿದಿರುವುದು ನಿಜವಾಗಿಯೂ ದೋಷವೆ? ದೋಷವೆಂದಾದರೆ, ಎಲ್ಲರೂ ಬಲ್ಲ ಕಥೆಗಳನ್ನೇ ಕಲ್ಲಿನಲ್ಲಿ ಕಡೆದಿಟ್ಟ ಹಳೆಯಬೀಡಿನ ಶಿಲ್ಪಿಗಳ ವಿಷಯದಲ್ಲಿ ನಾವು ಏನು ಹೇಳಬೇಕು? ಈ ಪ್ರಶ್ನೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಉದಾಹರಣೆಗೆ 2009ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಜೇಮ್ಸ್ ಕ್ಯಾಮರೂನರ ‘ಅವತಾರ್’ ಚಿತ್ರವನ್ನು ತೆಗೆದುಕೊಳ್ಳಬಹುದು. ಕಥಾಕಾಲ 2154ನೆಯ ಇಸವಿ. ಸ್ಥಳ ಪಂಡೋರ ಎಂಬ ದೂರದ ಉಪಗ್ರಹ. ಅಲ್ಲಿಯ ನೆಲದಲ್ಲಿರುವ ಬೆಲೆಬಾಳುವ ಅದಿರಿಗಾಗಿ ಮಾನವರು ಹೋಗುತ್ತಾರೆ; ನೀಲವರ್ಣದ ಮೂಲನಿವಾಸಿಗಳು ಎದುರಿಸುತ್ತಾರೆ; ಬಂದವರಲ್ಲಿಯೇ ಒಬ್ಬ ಯೋಧ ಮನಸ್ಸು ತಿರುಗಿ ನಿವಾಸಿಗಳ ಪಕ್ಷ ವಹಿಸುತ್ತಾನೆ. ಈ ಎಳೆ 1990ರ ‘ಡಾನ್ಸಸ್ ವಿತ್ ವೂಲ್ವ್ಸ್’ ಚಿತ್ರವನ್ನು ಹೋಲುತ್ತದೆಂದು ವಿಮರ್ಶಕರು ಹಲವರು ಆಗಲೇ ತೋರಿಸಿದರು. ಚಿತ್ರಕ್ಕೆ ಆಸ್ಕರ್ ಪಾರಿತೋಷಕದ 9 ನಾಮನಿರ್ದೇಶನಗಳು ದೊರೆತುವು. ಚಿತ್ರಕಥೆ ಆ ಪಟ್ಟಿಯಲ್ಲಿ ಇರಲಿಲ್ಲ. ಗೆದ್ದ 3 ಪಾರಿತೋಷಕಗಳು ಕಲಾನಿರ್ದೇಶನ, ಛಾಯಾಗ್ರಹಣ, ದೃಶ್ಯಪರಿಣಾಮಗಳಿಗೆ ಸಂದುವು. ಮೂರೂ ಕಣ್ಣಿಗೆ ಸಂಬಂಧಿಸಿದವು. ಜನರು ಮಾತ್ರ ಎಲ್ಲ ದೇಶಗಳಲ್ಲಿಯೂ ಚಿತ್ರಮಂದಿರಗಳನ್ನು ತುಂಬಿದರು.

ದೃಶ್ಯಕ್ಕೂ ಕಥೆಗೂ ಇರುವ ಈ ತಾರತಮ್ಯ ಹೊಸದಲ್ಲ. ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ರುದ್ರನಾಟಕದ ಆರು ಅಂಗಗಳನ್ನು ಎಣಿಸಿ, ಕಥಾಸಂವಿಧಾನಕ್ಕೆ ಮೊದಲ ಸ್ಥಾನವನ್ನೂ, ರಂಗದೃಶ್ಯವು ಕವಿಯ ಕಲೆಗೆ ಅತ್ಯಂತ ದೂರವಾದುದೆಂಬ ತೀರ್ಪನ್ನೂ ಕೊಟ್ಟನು. ನಮ್ಮ ಭರತಮುನಿಯ ದೃಷ್ಟಿ ಬೇರೆ. ಅವನು ಅದ್ಭುತವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ವಿಸ್ಮಯವನ್ನು ಅದರ ಸ್ಥಾಯಿಭಾವವೆಂದನು. ಆ ರಸದ ವಿಭಾವಗಳನ್ನು ಹೇಳುವಾಗ ದಿವ್ಯರ ದರ್ಶನ, ಉದ್ಯಾನ, ದೇವಾಲಯ, ಸಭೆ, ವಿಮಾನ, ಮಾಯೆ, ಇಂದ್ರಜಾಲ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಬೇಲೂರಿನ ಗುಡಿಯೂ ಪಂಡೋರದ ಕಾಡೂ ಒಂದೇ ರಸದ ಕಾರಣಗಳಾಗಬಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ. ಆದುದರಿಂದ, ಕಣ್ಣಿನ ಬೆರಗನ್ನು ಕೀಳು ಅಭಿರುಚಿಯೆಂದು ತಳ್ಳಿಹಾಕುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಕೇವಲ ದೃಶ್ಯದಿಂದಲೇ ವಿಸ್ಮಯ ಹುಟ್ಟುವುದಕ್ಕೆ ಹೊಯ್ಸಳ ನಾಡಿನಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ಅರಸೀಕೆರೆಯಲ್ಲಿ 13ನೆಯ ಶತಮಾನದ ಈಶ್ವರ ದೇವಾಲಯದ ಮುಂದಿರುವ ನಕ್ಷತ್ರಾಕಾರದ ತೆರೆದ ಮಂಟಪವು ಯಾವ ಕಥೆಯ ನೆರವೂ ಇಲ್ಲದೆ, ಆಕಾರಮಾತ್ರದಿಂದ ನೋಡುವವನನ್ನು ನಿಲ್ಲಿಸುತ್ತದೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ದರ್ಪಣಸುಂದರಿ ಕನ್ನಡಿ ನೋಡಿಕೊಳ್ಳುತ್ತಾಳೆ. ಮುಂದೇನಾಯಿತು ಎಂದು ಯಾರೂ ಕೇಳುವುದಿಲ್ಲ.

ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ಅಲ್ಲಿಯ ಗೋಡೆಯ ಬುಡದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಇವುಗಳ ಮೇಲೆ, ಕಣ್ಣಿನ ಹತ್ತಿರಕ್ಕೆ, ರಾಮಾಯಣ, ಭಾರತ, ಭಾಗವತಗಳ ಪಟ್ಟಿಕೆ ಬರುತ್ತದೆ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನ ಪ್ರಸಂಗವನ್ನು ನೋಡಿರಿ. ಅವನು ಹೊರಬರಲಾರನೆಂಬುದು ನೋಡುವ ಪ್ರತಿಯೊಬ್ಬನಿಗೂ ಗೊತ್ತು. ಶಿಲ್ಪಿಗೂ ಅದು ಗೊತ್ತು. ನೋಡುವವನಿಗೆ ಗೊತ್ತಿದೆಯೆಂಬುದೂ ಶಿಲ್ಪಿಗೆ ಗೊತ್ತು. ಆದುದರಿಂದ ಅವನು ‘ಏನಾಗುವುದು’ ಎಂಬುದಕ್ಕೆ ಕೈಹಾಕದೆ, ‘ಯಾವ ಕ್ಷಣವನ್ನು ನಿಲ್ಲಿಸಲಿ’ ಎಂಬುದನ್ನೇ ಚಿಂತಿಸಿ, ಸುತ್ತು ಸುತ್ತಾಗಿ ಕವಿದ ವ್ಯೂಹದ ನಡುವೆ ಬಾಲಕನನ್ನು ಇರಿಸುತ್ತಾನೆ. ಮುಂಬರುವ ಮರಣದ ಅರಿವನ್ನು ನಾವೇ ಒದಗಿಸುತ್ತೇವೆ. ಇಲ್ಲಿ ತಿಳಿವಳಿಕೆಯು ರಸಕ್ಕೆ ಅಡ್ಡಿಯಲ್ಲ, ಸಾಮಗ್ರಿ. ಕೈಲಾಸವನ್ನು ಎತ್ತುವ ರಾವಣನ ಶಿಲ್ಪದಲ್ಲಿಯೂ ಹೀಗೆಯೆ: ಅವನ ಗರ್ವ ಮುರಿಯುವುದೆಂದು ಬಲ್ಲವನಿಗೆ ಆ ತೋಳುಗಳ ಬಲವು ಬೇರೆಯೇ ಅರ್ಥವನ್ನು ಕೊಡುತ್ತದೆ.

ಹೀಗೆ ‘ತಿಳಿದ ಕಥೆ’ ಮತ್ತು ‘ಊಹಿಸಬಹುದಾದ ಕಥೆ’ ಎಂಬ ಎರಡನ್ನು ಬೇರ್ಪಡಿಸುವುದು ಅವಶ್ಯವಾಗುತ್ತದೆ. ತಿಳಿದ ಕಥೆಯಲ್ಲಿ ಕವಿಯೂ ಪ್ರೇಕ್ಷಕನೂ ಒಂದು ಒಪ್ಪಂದಕ್ಕೆ ಬಂದಿರುತ್ತಾರೆ. ಊಹಿಸಬಹುದಾದ ಕಥೆಯಲ್ಲಿ ಅಂತಹ ಒಪ್ಪಂದವಿಲ್ಲ. ನಿರ್ಮಾಪಕನು ಗುಟ್ಟನ್ನು ಕಾಯುತ್ತಿರುವಂತೆ ನಟಿಸುತ್ತಾನೆ, ಪ್ರೇಕ್ಷಕನು ಅದನ್ನು ಆಗಲೇ ಒಡೆದಿರುತ್ತಾನೆ. ಬೇಸರ ಹುಟ್ಟುವುದು ಅರಿವಿನಿಂದಲ್ಲ, ಹುಸಿಯಾದ ಕುತೂಹಲದಿಂದ. ಅರಸೀಕೆರೆ, ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನವನ್ನು ಬೆಳಗಿನವರೆಗೆ ನೋಡಿದ ಹಳ್ಳಿಗರು ಕಥೆ ಗೊತ್ತಿತ್ತೆಂದು ದೂರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗಲೂ ಯುದ್ಧದ ಫಲ ಯಾರಿಗೂ ಗುಟ್ಟಾಗಿರಲಿಲ್ಲ. 2019ರಲ್ಲಿ ಅದೇ ಕಥೆ ಕನ್ನಡದಲ್ಲಿ ಮೂರು ಆಯಾಮಗಳ ಚಲಚ್ಚಿತ್ರವಾಗಿ ಬಂದಿತು.

ಹಾಗಾದರೆ ಊಹಿಸಬಹುದಾದ ಕಥೆಗೆ ಯಾವ ಪ್ರಯೋಜನವೂ ಇಲ್ಲವೆ? ಇಲ್ಲಿ ‘ಅವತಾರ್’ ಚಿತ್ರಕ್ಕೆ ಬಂದ ಮೂರನೆಯ ಬಗೆಯ ಪ್ರತಿಕ್ರಿಯೆಯನ್ನು ಗಮನಿಸಬೇಕು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ವಾಸಿಸುವ ಡೊಂಗ್ರಿಯಾ ಕೊಂಧರು ಕುವಿ ಎಂಬ ದ್ರಾವಿಡ ಭಾಷೆಯನ್ನು ಆಡುವವರು, ನುಡಿಯಿಂದ ನಮಗೆ ದೂರದ ನೆಂಟರು. ಅವರು ದೈವವೆಂದು ಪೂಜಿಸುವ ಬೆಟ್ಟವನ್ನು ಬಾಕ್ಸೈಟ್ ಅದಿರಿಗಾಗಿ ಅಗೆಯುವ ಯೋಜನೆಯಿತ್ತು. 2010ರ ಫೆಬ್ರವರಿಯಲ್ಲಿ ಸರ್ವೈವಲ್ ಇಂಟರ್‌ನ್ಯಾಷನಲ್ ಸಂಸ್ಥೆಯು ಅಮೆರಿಕದ ಚಲಚ್ಚಿತ್ರ ಪತ್ರಿಕೆಯಲ್ಲಿ ಕ್ಯಾಮರೂನರಿಗೆ ಬಹಿರಂಗ ಮನವಿಯನ್ನು ಪ್ರಕಟಿಸಿತು: ಅವರ ಕಲ್ಪನೆ ಇಲ್ಲಿ ನಿಜವಾಗಿ ನಡೆಯುತ್ತಿದೆ ಎಂಬುದು ಅದರ ತಾತ್ಪರ್ಯ. ಅದೇ ತಿಂಗಳು ಪ್ಯಾಲೆಸ್ಟೈನಿನ ಬಿಲಿನ್ ಗ್ರಾಮದ ಪ್ರತಿಭಟನಕಾರರು ಮೈಗೆ ನೀಲಿ ಬಳಿದು ಪಂಡೋರದವರ ವೇಷದಲ್ಲಿ ಮೆರವಣಿಗೆ ನಡೆಸಿದರು. ಕಥೆ ಸರಳವೂ ಪರಿಚಿತವೂ ಆಗಿದ್ದುದರಿಂದಲೇ ದೂರದ ಜನರು ಅದನ್ನು ತಮ್ಮದೆಂದು ಎತ್ತಿಕೊಳ್ಳಲು ಸಾಧ್ಯವಾಯಿತು. ವಿಮರ್ಶಕನಿಗೆ ಸವೆದ ಎಳೆಯಾಗಿ ಕಂಡುದು ಅವರಿಗೆ ತಮ್ಮ ಪಾಡನ್ನು ಲೋಕಕ್ಕೆ ಹೇಳುವ ಸಂಕೇತವಾಯಿತು.

ಇದರಿಂದ ಚಿತ್ರದ ಕಲೆ ಹೆಚ್ಚಿತೆಂದು ನಾವು ಹೇಳುವುದಿಲ್ಲ. ನಿಯಮಗಿರಿಯ ತೀರ್ಮಾನವನ್ನು ಚಲಚ್ಚಿತ್ರ ಮಾಡಿತೆಂದಂತೂ ಹೇಳಲಾಗದು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಸೇರಿದ 12 ಗ್ರಾಮಸಭೆಗಳೂ ಗಣಿಯನ್ನು ನಿರಾಕರಿಸಿದುದು ಆ ಜನರದೇ ಸಾಧನೆ. ಪ್ರೇಕ್ಷಕನ ಪ್ರತಿಕ್ರಿಯೆ ಚಿತ್ರಮಂದಿರದ ಬಾಗಿಲಲ್ಲಿ ಮುಗಿಯುವುದಿಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ.

ವಿದ್ಯಾರ್ಥಿಯು ‘ಕಥೆ ಗೊತ್ತಾಯಿತು’ ಎಂದಾಗ ಅಧ್ಯಾಪಕರು ಎರಡು ಪ್ರಶ್ನೆಗಳನ್ನು ಕೇಳುವುದು ಯುಕ್ತ. ಆ ಅರಿವನ್ನು ಕೃತಿಯು ಬಳಸಿಕೊಂಡಿತೆ, ಅಥವಾ ಅದರಿಂದ ಸೋತಿತೆ? ಕಂಡ ದೃಶ್ಯವು ಕಥೆಯ ಒಂದು ಕ್ಷಣವನ್ನು ಬೆಳಗಿತೆ, ಅಥವಾ ಅದರ ಬಡತನವನ್ನು ಮುಚ್ಚಿತೆ? ಹಳೆಯಬೀಡಿನ ಗೋಡೆಯನ್ನು ಒಮ್ಮೆ ನಿಧಾನವಾಗಿ ಪ್ರದಕ್ಷಿಣೆ ಮಾಡಿದವರಿಗೆ ಈ ಪ್ರಶ್ನೆಗಳನ್ನು ಪ್ರಯೋಗಿಸುವುದು ಕಷ್ಟವಾಗಲಾರದು.