ಮೂರು ಉಂಗುರಗಳ ಮದ್ದು

ಇಳಕಲ್ಲಿನ ಸೀರೆಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಿದರೇನೇ ನೇಯ್ಗೆ ಮುಂದೆ ಸಾಗುವುದು. ನಮ್ಮ ಮೆದುಳಿನಲ್ಲಿಯೂ ಕೋಟ್ಯನುಕೋಟಿ ಎಳೆಗಳಿವೆ, ಅವೇ ನರತಂತುಗಳು. ಆದರೆ ಅಲ್ಲಿ ಕುಣಿಕೆಯಿಲ್ಲ. ಒಂದು ತಂತುವಿನ ತುದಿಯು ಮುಂದಿನ ನರಕೋಶವನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ನಡುವೆ ಸುಮಾರು 20 ನ್ಯಾನೊಮೀಟರುಗಳಷ್ಟು ಸಂದು ಉಳಿದಿರುತ್ತದೆ. ತಲೆಗೂದಲೊಂದರ ದಪ್ಪದಲ್ಲಿ ಇಂತಹ ಮೂರು ನಾಲ್ಕು ಸಾವಿರ ಸಂದುಗಳು ಅಡಗಿಯಾವು! ಖಿನ್ನತೆಯೆಂಬ ರೋಗಕ್ಕೆ ಕೊಡುವ ಒಂದು ವರ್ಗದ ಔಷಧಗಳ ಕಾರ್ಯಕ್ಷೇತ್ರವು ಈ ಕಿರಿದಾದ ಸಂದೇ ಆಗಿದೆ.

ಖಿನ್ನತೆಯೆಂದರೆ ಪರೀಕ್ಷೆಯಲ್ಲಿ ನಪಾಸಾದ ದಿನದ ಬೇಸರವಲ್ಲ. ವಾರಗಟ್ಟಲೆ ಮನಸ್ಸು ಕುಗ್ಗಿ, ನಿದ್ರೆ ಹಸಿವುಗಳು ಕೆಟ್ಟು, ಪ್ರಿಯವಾದ ಕೆಲಸಗಳೂ ಬೇಡವಾಗಿ, ಬದುಕೇ ಭಾರವೆನಿಸುವ ಸ್ಥಿತಿಯದು. ಮಧುಮೇಹದಂತೆ ಇದೂ ಒಂದು ರೋಗ, ಇದಕ್ಕೂ ಚಿಕಿತ್ಸೆಯುಂಟು.

ಬೇರೆ ರೋಗಕ್ಕೆ ಹೊರಟ ಔಷಧ

ಸ್ವಿಟ್ಜರ್‌ಲೆಂಡಿನ ಗೈಗಿ ಕಂಪನಿಯು ತಯಾರಿಸಿದ್ದ ಒಂದು ರಾಸಾಯನಿಕವನ್ನು ಮ್ಯೂನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯ ವೈದ್ಯ ರೋಲಂಡ್ ಕೂನ್ ಎಂಬವರು ಮೊದಲು ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರಕ್ಕೆ ಕೊಟ್ಟು ನೋಡಿದರು. ಅದರಿಂದ ನಿರೀಕ್ಷಿಸಿದ ಗುಣ ಕಾಣಲಿಲ್ಲ. 1956ರಲ್ಲಿ ಅದನ್ನೇ ಖಿನ್ನತೆಯ ರೋಗಿಗಳಿಗೆ ಕೊಟ್ಟಾಗ ಬಾಡಿದ ಮನಸ್ಸುಗಳು ಚೇತರಿಸಿಕೊಂಡವು. ಮರುವರ್ಷ ಅವರು ಈ ಫಲವನ್ನು ಪ್ರಕಟಿಸಿದರು. ಇಮಿಪ್ರಮೀನ್ ಎಂಬ ಔಷಧವು ಬಳಕೆಗೆ ಬಂದುದು ಹೀಗೆ. ಆ ಆಸ್ಪತ್ರೆಯಲ್ಲಿ ಅನೇಕ ರೋಗಿಗಳಿಗೆ ತಕ್ಕ ತಿಳಿವಳಿಕೆ ನೀಡದೆಯೇ ಔಷಧ ಪ್ರಯೋಗಗಳು ನಡೆದಿದ್ದುವೆಂದು ಇತಿಹಾಸಕಾರರು 2019ರಲ್ಲಿ ಹೊರಗೆಡಹಿದುದನ್ನೂ ಇಲ್ಲಿ ಮರೆಯಲಾಗದು.

ಇಮಿಪ್ರಮೀನಿನ ಬೆನ್ನಹಿಂದೆಯೇ ಅಮಿಟ್ರಿಪ್ಟಿಲೀನ್ ಬಂದಿತು. ಇವುಗಳ ಅಣುವಿನಲ್ಲಿ ಎರಡು ಬೆಂಜೀನ್ ಉಂಗುರಗಳೂ ಅವುಗಳ ನಡುವೆ ಏಳು ಪರಮಾಣುಗಳ ಮತ್ತೊಂದು ಉಂಗುರವೂ ಇವೆ. ಆದುದರಿಂದಲೇ ಇವಕ್ಕೆ ಟ್ರೈಸೈಕ್ಲಿಕ್, ಎಂದರೆ ತ್ರಿವಲಯ ಔಷಧಗಳೆಂದು ಹೆಸರು.

ಸಂದಿನಲ್ಲಿ ನಡೆಯುವುದೇನು?

ನರತಂತುವಿನಲ್ಲಿ ವಿದ್ಯುತ್ಸಂಕೇತವು ಓಡುತ್ತದೆ. ತುದಿಯನ್ನು ತಲುಪಿದೊಡನೆ ಅಲ್ಲಿಂದ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದ ದೂತದ್ರವ್ಯಗಳು ಸಂದಿನೊಳಕ್ಕೆ ಚೆಲ್ಲುತ್ತವೆ. ಅವು ಆಚೆಯ ದಡದ ಗ್ರಾಹಕಗಳನ್ನು ಮುಟ್ಟಿ ಸುದ್ದಿಯನ್ನು ಒಪ್ಪಿಸುತ್ತವೆ. ಆಮೇಲೆ ಅವುಗಳ ಬಹುಭಾಗವನ್ನು ಚೆಲ್ಲಿದ ತಂತುವೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ತ್ರಿವಲಯ ಔಷಧವು ಹೀಗೆ ಹಿಂದಕ್ಕೆ ಹೀರುವ ದ್ವಾರಗಳನ್ನು ತಡೆಯುತ್ತದೆ. ಆಗ ದೂತದ್ರವ್ಯವು ಸಂದಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಇದು ತಿಳಿದುದು ಹೇಗೆ? ಇಲ್ಲಿ ಭೌತವಿಜ್ಞಾನವು ನೆರವಿಗೆ ಬಂದಿತು. ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ಟ್ರಿಟಿಯಮ್ ಎಂಬ ವಿಕಿರಣಶೀಲ ಹೈಡ್ರೋಜನ್ನಿನಿಂದ ಗುರುತು ಮಾಡಿದ ನಾರ್‌ಅಡ್ರಿನಲಿನನ್ನು ಬೆಕ್ಕುಗಳಿಗೆ ಚುಚ್ಚಿ, ಅದು ಸೇರಿದ ಎಡೆಗಳನ್ನು ಅಳೆದರು. ಇಮಿಪ್ರಮೀನ್ ಕೊಟ್ಟ ಬೆಕ್ಕುಗಳ ಅಂಗಾಂಶಗಳು ಅದನ್ನು ಕಡಿಮೆಯಾಗಿ ಹೀರಿಕೊಂಡಿದ್ದುವೆಂದು 1961ರಲ್ಲಿ ವರದಿಯಾಯಿತು. ಆಕ್ಸೆಲ್‌ರಾಡರು 1970ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಮೊದಲು ತೊಂದರೆ, ಆಮೇಲೆ ಗುಣ

ಇಲ್ಲೊಂದು ಚೋದ್ಯವಿದೆ. ದ್ವಾರಗಳು ಮುಚ್ಚುವುದು ಕೆಲವೇ ಗಂಟೆಗಳಲ್ಲಿ. ಮನಸ್ಸು ತಿಳಿಯಾಗುವುದಾದರೋ ಎರಡರಿಂದ ನಾಲ್ಕು ವಾರಗಳ ಮೇಲೆ! ಆದುದರಿಂದ 'ಸೆರೊಟೋನಿನ್ ಕಡಿಮೆಯಾಯಿತು, ಮಾತ್ರೆ ತುಂಬಿತು' ಎಂಬ ಸುಲಭ ವಿವರಣೆ ಸಾಲದು. ನರಕೋಶಗಳು ಹೊಸ ಸ್ಥಿತಿಗೆ ಮೆಲ್ಲಮೆಲ್ಲನೆ ಹೊಂದಿಕೊಳ್ಳುವುದೇ ಗುಣಕ್ಕೆ ಕಾರಣವಾಗಿರಬೇಕೆಂದು ವಿಜ್ಞಾನಿಗಳು ಎಣಿಸುತ್ತಾರೆ.

ಪಾರ್ಶ್ವಪರಿಣಾಮಗಳು ಮಾತ್ರ ಹೀಗೆ ಕಾಯುವುದಿಲ್ಲ. ಈ ಅಣುಗಳು ದೇಹದ ಬೇರೆ ಗ್ರಾಹಕಗಳಿಗೂ ಅಂಟಿಕೊಳ್ಳುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಮಸುಕು ದೃಷ್ಟಿ, ತೂಕಡಿಕೆ, ಎದ್ದು ನಿಂತಾಗ ತಲೆಸುತ್ತು ಇವು ಮೊದಲ ದಿನಗಳಲ್ಲಿಯೇ ತೋರುತ್ತವೆ. ರೋಗಿಯು 'ಮಾತ್ರೆಯಿಂದ ಕೇಡೇ ಹೊರತು ಗುಣವಿಲ್ಲ' ಎಂದು ಎರಡನೆಯ ವಾರದಲ್ಲಿಯೇ ಅದನ್ನು ಬಿಟ್ಟುಬಿಡುವ ಅಪಾಯವಿರುವುದು ಇಲ್ಲಿಯೇ. ದಡವು ಹತ್ತಿರವಿದ್ದಾಗಲೇ ದೋಣಿಯಿಂದ ಇಳಿದಂತಾಯಿತು! ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸಿ ಕ್ರಮವಾಗಿ ಏರಿಸುವುದು ಈ ತೊಂದರೆಯನ್ನು ತಗ್ಗಿಸುವುದಕ್ಕಾಗಿಯೇ.

ಅರ್ಧಾಯುವಿನ ಲೆಕ್ಕ

ವಿಕಿರಣಶೀಲ ವಸ್ತುವಿಗಿರುವಂತೆ ದೇಹದೊಳಗಿನ ಔಷಧಕ್ಕೂ ಅರ್ಧಾಯುವುಂಟು. ಅಮಿಟ್ರಿಪ್ಟಿಲೀನಿನ ಅರ್ಧಾಯುವು ಒಬ್ಬೊಬ್ಬರಲ್ಲಿ ಒಂದೊಂದು ಬಗೆ; ಲೆಕ್ಕದ ಸೌಕರ್ಯಕ್ಕಾಗಿ ಒಂದು ದಿನವೆನ್ನೋಣ. ದಿನಕ್ಕೊಂದು ಮಾತ್ರೆ ನುಂಗಿದರೆ ದೇಹದಲ್ಲಿರುವ ಔಷಧವು ಮೊದಲ ದಿನ 1, ಎರಡನೆಯ ದಿನ 1.5, ಮೂರನೆಯ ದಿನ 1.75 ಮಾತ್ರೆಯಷ್ಟಾಗಿ, ಕೊನೆಗೆ 2ರ ಹತ್ತಿರ ನಿಲ್ಲುತ್ತದೆ. ಒಳಬರುವ ನೀರೂ ಹೊರಹೋಗುವ ನೀರೂ ಸಮವಾದಾಗ ಬಾದಾಮಿಯ ಅಗಸ್ತ್ಯತೀರ್ಥದ ಮಟ್ಟವು ನಿಲ್ಲುವಂತೆ ಇದೂ ನಿಲ್ಲುತ್ತದೆ.

ಒಂದು ದಿನ ಮಾತ್ರೆ ಮರೆತುಹೋಯಿತೆನ್ನೋಣ. ಮರುದಿನದ ಹೊತ್ತಿಗೆ ದೇಹದಲ್ಲಿ ಉಳಿದಿರುವುದು 0.5. ಆಗ ಎಂದಿನಂತೆ ಒಂದನ್ನೇ ನುಂಗಿದರೆ 1.5 ಆಗಿ, ಮುಂದೆ ಮಟ್ಟವು ತಾನಾಗಿಯೇ ಸರಿಹೋಗುತ್ತದೆ. ಎರಡನ್ನು ನುಂಗಿದರೆ 2.5! ಎಂದಿನ ಮಟ್ಟವನ್ನೂ ಮೀರಿತು. ಬಿಟ್ಟುದಕ್ಕೆ ಪರಿಹಾರವೆಂದು ಇಮ್ಮಡಿ ಮಾತ್ರೆ ತೆಗೆದುಕೊಳ್ಳಕೂಡದೆಂಬ ನಿಯಮದ ತಿರುಳು ಇದೇ.

ಎಚ್ಚರಿಕೆಗಳು

ಅತಿಯಾದರೆ ಈ ಔಷಧಗಳು ಹೃದಯದ ವಿದ್ಯುತ್‌ಕ್ರಮವನ್ನೇ ಕೆಡಿಸುತ್ತವೆ. ಗುಣ ಕೊಡುವ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಇರುವ ಅಂತರ ಕಿರಿದು. ಆದುದರಿಂದ ಮನೆಯಲ್ಲಿ ಇವನ್ನು ಹಿರಿಯರೊಬ್ಬರ ವಶದಲ್ಲಿ, ಬೀಗದೊಳಗೆ ಇಡತಕ್ಕದ್ದು. ಮಗುವೊಂದು ಒಂದೆರಡು ಮಾತ್ರೆಗಳನ್ನು ನುಂಗಿದ್ದರೂ, ಯಾರಾದರೂ ಹೆಚ್ಚಾಗಿ ನುಂಗಿದ್ದರೂ, ಮೇಲುನೋಟಕ್ಕೆ ಚೆನ್ನಾಗಿರುವರೆಂದು ಕಾಯದೆ 108ನ್ನು ಕರೆದು ಒಡನೆ ಆಸ್ಪತ್ರೆಗೆ ಒಯ್ಯಬೇಕು.

ಹೃದ್ರೋಗ, ಗ್ಲಾಕೋಮಾ, ಮೂತ್ರಕಟ್ಟು, ಅಪಸ್ಮಾರಗಳಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೇರೆ ಯಾವ ಔಷಧ ಸೇವಿಸುತ್ತಿದ್ದರೂ ಮುಚ್ಚಿಡಬಾರದು. ಮದ್ಯವನ್ನು ಬೆರೆಸಕೂಡದು. ಗುಣವಾಯಿತೆಂದು ತಟ್ಟನೆ ನಿಲ್ಲಿಸಕೂಡದು. ವೈದ್ಯರು ಹೇಳಿದಂತೆ ಮೆಲ್ಲನೆ ಇಳಿಸಬೇಕು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವುದು ನಮ್ಮಲ್ಲಿ ನಿಯಮಬಾಹಿರ.

ತರುಣ ವಾಚಕರು ಇನ್ನೊಂದನ್ನು ತಿಳಿದಿರಬೇಕು. ಖಿನ್ನತೆಯ ಔಷಧಗಳನ್ನು ಆರಂಭಿಸಿದ ವಾರಗಳಲ್ಲಿ ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚುವುದುಂಟೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2004ರಲ್ಲಿ ಎಚ್ಚರಿಸಿತು. 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿತು. ಔಷಧವನ್ನು ಬೇಡವೆನ್ನಲು ಇದು ಕಾರಣವಲ್ಲ. ಆ ವಾರಗಳಲ್ಲಿ ಮನೆಯವರು ಜತೆಗಿದ್ದು, ಬದಲಾವಣೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಲು ಕಾರಣ. ಹೆಚ್ಚು ಸುರಕ್ಷಿತವಾದ ಹೊಸ ಔಷಧಗಳು ಬಂದಿರುವುದರಿಂದ ಈಗ ಖಿನ್ನತೆಗೆ ಮೊದಲು ಅವನ್ನೇ ಕೊಡುವುದು ವಾಡಿಕೆ. ತ್ರಿವಲಯ ಔಷಧವನ್ನು ಮಧುಮೇಹಿಗಳ ನರನೋವಿಗೂ ಅರೆತಲೆನೋವು ಬಾರದಂತೆ ತಡೆಯಲೂ ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಮಾತ್ರೆಯ ಹೆಸರು ನೋಡಿ ಯಾರನ್ನೂ 'ತಲೆ ಕೆಟ್ಟವರು' ಎನ್ನುವುದು ಅಜ್ಞಾನವೇ ಸರಿ.

ಹಳ್ಳಿಯವರೆಗೆ ಬಂದ ಚಿಕಿತ್ಸೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಗಳಿಂದ ಮನೋರೋಗಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಸಲಹೆ ದೊರೆಯುತ್ತದೆ. ಬಾದಾಮಿ, ಹುನಗುಂದಗಳ ವಾಚಕರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಮಾತ್ರೆಯೊಂದೇ ಎಲ್ಲವನ್ನೂ ಮಾಡಲಾರದು. ಸಮಾಧಾನದ ಮಾತು, ಮನೆಯವರ ತಾಳ್ಮೆ, ವೈದ್ಯರ ನಿಗಾ ಇವು ಕೂಡಿಬರಬೇಕು. ಗುಣವು ತಡವಾಗಿ ಬರುವುದೆಂಬ ಒಂದು ವಿಷಯವನ್ನು ತಿಳಿದವರು ಮನೆಯಲ್ಲಿ ಒಬ್ಬರಿದ್ದರೂ, ಎರಡನೆಯ ವಾರದಲ್ಲಿ ಮಾತ್ರೆ ಬಿಡಹೊರಟ ರೋಗಿಯನ್ನು ಅವರು ವೈದ್ಯರ ಬಳಿಗೆ ಮರಳಿ ಕರೆದೊಯ್ದಾರು.